ಕಮಲಾಪುರದ ಕಡೇ ಬಸ್ಸು, ಡೆನ್ಮಾರ್ಕಿನ ಸಮುದ್ರದಲ್ಲಿ

ಕಲಬುರಗಿ

‘ಟಿಂ’ ಎಂದು ಒಂದೇ ಸಲ ಕೂಗಿ ಸುಮ್ಮನಾಗುವ ಸದ್ದು ಅದು. ಅಲಾರಮ್ಮಿನ ಹಾಗೆ ಕಿರುಚುತ್ತಿರಲಿಲ್ಲ, ಈಗಿನ ಫೋನುಗಳ ಹಾಗೆ ಹಟ ಹಿಡಿಯುತ್ತಿರಲಿಲ್ಲ. ಒಮ್ಮೆ ಕರೆದು, ಯಾರಾದರೂ ತಿರುಗಿ ನೋಡುವವರೆಗೆ ಮರ್ಯಾದೆಯಿಂದ ಕಾಯುತ್ತಿತ್ತು. ಡೆನ್ಮಾರ್ಕಿನ ಒಂದು ಸಣ್ಣ ಬಂದರಿನ ಟಿಕೆಟ್ ಆಫೀಸಿನಲ್ಲಿ, ನನ್ನ ಜಡೆ ಸೊಂಟ ಮುಟ್ಟುತ್ತಿದ್ದ ಕಾಲದಲ್ಲಿ, ಕಂಪ್ಯೂಟರಿಗೆ ಆ ಸದ್ದನ್ನು ಕಲಿಸಿದವಳು ನಾನು.

ಇಲ್ಲಿಯ ಕಾನ್ವೆಂಟಿನಲ್ಲಿ ಓದಿ, ಮುಂಬಯಿಯ ಒಂದು ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದ ನನ್ನನ್ನು ಅಲ್ಲಿಗೆ ಕಳಿಸಿದ್ದರು. ಬಂದರಿನ ಎದುರಿಗೆ ಒಂದು ದ್ವೀಪ. ಸೇತುವೆ ಇಲ್ಲ. ಜನ, ಕಾರು, ಹಸು, ಹಾಲಿನ ಲಾರಿ ಎಲ್ಲವೂ ಒಂದು ದೊಡ್ಡ ದೋಣಿಯಲ್ಲೇ ದಾಟಬೇಕು. ಅದರ ಟಿಕೆಟ್ ವ್ಯವಹಾರವನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಅಲ್ಲಿ ಟಿಕೆಟ್ ಕೊಡುತ್ತಿದ್ದ ಹುಡುಗಿ ಕಿರ್ಸ್ಟನ್, ಆ ದ್ವೀಪದವಳೇ. ಅವಳಿಗೆ ದೋಣಿ ಗೊತ್ತಿತ್ತು, ನನಗೆ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆ ಗೊತ್ತಿತ್ತು. ಒಂದೇ ಬಾಡಿಗೆ ಕೋಣೆಯಲ್ಲಿದ್ದು, ಒಂದೇ ದಪ್ಪ ಕೋಟನ್ನು ಸರದಿಯ ಮೇಲೆ ತೊಟ್ಟು ಒಂದು ಚಳಿಗಾಲ ಕಳೆದೆವು. ಆಮೇಲೆ ಯಂತ್ರಗಳು ಎಷ್ಟೋ ಬದಲಾದವು. ನಮ್ಮ ಪ್ರೋಗ್ರಾಮ್ ಮಾತ್ರ, ಮನೆ ಬದಲಿಸಿದಾಗಲೆಲ್ಲ ಹೊತ್ತೊಯ್ಯುವ ಹಳೇ ಟ್ರಂಕಿನ ಹಾಗೆ, ಯಂತ್ರದಿಂದ ಯಂತ್ರಕ್ಕೆ ದಾಟಿಕೊಂಡು ಇನ್ನೂ ನಡೆಯುತ್ತಲೇ ಇತ್ತು.

ಈ ವಸಂತದಲ್ಲಿ ಕಿರ್ಸ್ಟನ್ ಮೇಲ್ ಬರೆದಳು. ಅವಳು ಬರೆಯುವುದು, ಮಾತಾಡುವುದು ಎಲ್ಲ ಇಂಗ್ಲಿಷಿನಲ್ಲಿ. ಆದರೆ ಹತ್ತಿರದವರ ಮಾತು ನನ್ನ ಕಿವಿಗೆ ನಮ್ಮ ಕಡೆಯ ಕನ್ನಡವಾಗಿಯೇ ಇಳಿಯುತ್ತದೆ. ಹಾಗೆಯೇ ಬರೆಯುತ್ತೇನೆ, ಓದುಗರು ಎಕ್ಸ್‌ಕ್ಯೂಸ್ ಮಾಡಬೇಕು.

“ಹೊಸ ಸಾಫ್ಟ್‌ವೇರ್ ಬರಾಕತ್ತದ. ಸಂಜೀ ಕಡೇ ದೋಣಿ ಇನ್ಮ್ಯಾಲ ಯಾರಿಗೂ ಕಾಯಂಗಿಲ್ಲಂತ. ನನಗ ಕಿಡ್ನಿ ಕೈಕೊಟ್ಟಾವ. ಒಂದಿನ ಬಿಟ್ಟು ಒಂದಿನ ಆಚೆ ದಂಡಿ ದವಾಖಾನಿಗೆ ಡಯಾಲಿಸಿಸ್‌ಗೆ ಹೋಗಬೇಕು. ಅಲ್ಲಿಂದ ಎಷ್ಟೊತ್ತಿಗೆ ಬಿಡ್ತಾರ ಅಂತ ಡಾಕ್ಟರಿಗೂ ಹೇಳಾಕ ಬರಂಗಿಲ್ಲ. ದೋಣಿ ಕಾಯಲಿಲ್ಲಂದ್ರ ನಾ ದ್ವೀಪ ಬಿಟ್ಟು ಆಚೆ ದಂಡಿ ಮುದುಕರ ಹೋಮ್ ಸೇರಬೇಕು. ಪ್ರೋಗ್ರಾಮ್ ಯಾಕ ಕಾಯ್ತದ ಅಂತ ಹೇಳಾಕ ನೀ ಒಬ್ಬಾಕೀನ ಉಳದೀದಿ. ಬಾ.”

ಮೊದಲು ವಿಡಿಯೋ ಕಾಲ್ ಮಾಡಿದೆ. ಹೊಸ ಸಾಫ್ಟ್‌ವೇರಿನ ಮುಖ್ಯಸ್ಥ ಯೋನಾಸ್ ಎಂಬ ಗಡ್ಡದ ಸಭ್ಯ ಮನುಷ್ಯ, ಎಲ್ಲ ಕೇಳಿ ‘ವೆರಿ ಇಂಟರೆಸ್ಟಿಂಗ್’ ಎಂದ. ಸಾಫ್ಟ್‌ವೇರಿನವರ ನಡುವೆ ತಲೆ ನರೆಸಿಕೊಂಡವಳಿಗೆ ಆ ಮಾತಿನ ಅರ್ಥ ಗೊತ್ತು. ಕಾಲ್ ಮುಗಿದ ಕೂಡಲೇ ಮರೆಯುತ್ತೇನೆ ಎಂದರ್ಥ.

ಹೋಗುತ್ತೇನೆ ಎಂದಾಗ ನನ್ನ ಜೊತೆಗಿರುವ ತಂಗಿ ಶಾರದಾ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಎರಡು ಮಾತು ಹೇಳಾಕ ಸಮುದ್ರ ದಾಟ್ತೀಯೇನಕ್ಕಾ? ಮೊಣಕಾಲು ನೋಡಿದ್ರ ಸುಲ್ತಾನರ ಕ್ವಾಟ್ಯಾಗ ನಾಕು ಮೆಟ್ಟಲಾ ಏರಾಕ ಆಗಂಗಿಲ್ಲ ನಿನಗ.”

“ಕ್ವಾಟಿ ಎಲ್ಲಿಗೂ ಹೋಗಂಗಿಲ್ಲ ಶಾರದಾ. ಕಿರ್ಸ್ಟನ್ ಹೋಗಿಬಿಡ್ತಾಳ.”

ಅವಳು ಒಳಗೆ ಹೋಗಿ ಶೇಂಗಾ ಹುರಿಯತೊಡಗಿದಳು. ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಕುಟ್ಟಿ ಕಟ್ಟಿಕೊಡುವುದೇ ಅವಳ ಪರ್ಮಿಷನ್ನು.

ಕಮಲಾಪುರ

ಬರಿಗೈಲಿ ಹೋಗಲಾಗದು, ಕಮಲಾಪುರದ ಕೆಂಪು ಬಾಳೆಹಣ್ಣು ಒಯ್ಯಬೇಕೆಂದು ಊರಿಗೆ ಹೋದೆ. ನಾನು ಹುಟ್ಟಿದ್ದು ಅಲ್ಲೇ. ಮುಂಜಾನೆ ಬಸ್ಸಿಗೆ ಕಲಬುರಗಿಯ ಕಾನ್ವೆಂಟಿಗೆ ಬಂದು ಸಂಜೆ ಕಡೇ ಬಸ್ಸಿಗೆ ಮರಳುವುದು ನನ್ನ ಬಾಲ್ಯದ ರೂಢಿ. ಸಿಸ್ಟರ್‌ಗಳು ಹಾಡಿನ ಪ್ರಾಕ್ಟೀಸ್ ಎಂದು ನಿಲ್ಲಿಸಿಕೊಂಡ ದಿನ ಬ್ಯಾಗು ಎದೆಗವಚಿ ಓಡಿ ಬರುತ್ತಿದ್ದೆ. ಬಸ್ಸು ನಿಂತೇ ಇರುತ್ತಿತ್ತು.

ಕಂಡಕ್ಟರ್ ಮಹಿಬೂಬ್ ಮಾಮಾ ಗಂಟೆ ಬಾರಿಸುವ ಮುಂಚೆ ಬಸ್ಸಿನ ನಡುವೆ ನಿಂತು ಕೇಳುತ್ತಿದ್ದ: “ಮುಂಜಾನಿ ಬಂದವ್ರೊಳಗ ಯಾರು ಬಂದಿಲ್ರೀ?” ಒಳಗಿನಿಂದ ಉತ್ತರ ಬರುವುದು: “ಕಾಶವ್ವ ದವಾಖಾನಿಗೆ ಹೋಗ್ಯಾಳ್ರೀ, ಇನ್ನಾ ಬಂದಿಲ್ಲ.” ಆಗ ಮಾಮಾ ಕೆಳಗಿಳಿದು, ಹಣೆಗೆ ಕೈ ಅಡ್ಡ ಹಿಡಿದು ರಸ್ತೆ ನೋಡುವನು. ಕಾಶವ್ವ ಕಾಣುವವರೆಗೆ ಗಂಟೆ ಇಲ್ಲ. ಡೆನ್ಮಾರ್ಕಿಗೆ ಹೋದಾಗ, ಕಡೇ ದೋಣಿ ಬಿಡುವ ಮುನ್ನ ಏನು ಮಾಡಬೇಕು ಎಂಬ ಪ್ರಶ್ನೆ ಎದುರಾಯಿತು. ನನಗೆ ಗೊತ್ತಿದ್ದ ಉತ್ತರ ಇದೊಂದೇ. ಬರೆದುಬಿಟ್ಟೆ. ಮುಂಜಾನೆ ದ್ವೀಪದಿಂದ ದಾಟಿದವರಲ್ಲಿ ಯಾರಾದರೂ ಮರಳಿರದಿದ್ದರೆ ಪ್ರೋಗ್ರಾಮ್ ‘ಟಿಂ’ ಎಂದು ನಿಲ್ಲುತ್ತದೆ, ಅವರ ಹೆಸರು ತೋರಿಸುತ್ತದೆ. ಆಫೀಸಿನವನು ಎದ್ದು ಹೊರಗೆ ನೋಡಿ ಬಂದು ಕೀಲಿ ಒತ್ತಿದ ಮೇಲೆಯೇ ದೋಣಿಗೆ ಹೊರಡುವ ಚೀಟಿ.

ಈಗಿನ ಬಸ್ಸಿನಲ್ಲಿ ಕಂಡಕ್ಟರ್ ಹೆಣ್ಣುಮಗಳು, ಕೊರಳಲ್ಲಿ ಟಿಕೆಟ್ ಮಷೀನು. ಕಡೇ ಬಸ್ಸು ಈಗಲೂ ಕಾಯುತ್ತದೆಯೇ ಎಂದು ಕೇಳಿದೆ.

“ಕಾಯಲಾರದ ಬಿಡ್ತಾರೇನ್ರೀ ಅಮ್ಮಾ ನಮ್ಮನ್ನ? ನನ್ನ ನಂಬರ್ ಊರಿಗೆಲ್ಲಾ ಗೊತ್ತದ. ‘ಅಕ್ಕಾ, ಗಾಡಿ ನಿಂದ್ರಸು, ಚಪ್ಪಲಿ ಹಾಕ್ಕೋಳಾಕತ್ತೀನಿ’ ಅಂತ ಮನಿಯಿಂದಾನೇ ಫೋನ್ ಮಾಡ್ತಾರ. ಹಾಕ್ಕೊಂಡೀನಿ ಅಂತನೂ ಅನ್ನಂಗಿಲ್ಲ ನೋಡ್ರಿ, ಹಾಕ್ಕೋಳಾಕತ್ತೀನಿ!”

ಕೋಪನ್‌ಹೇಗನ್

ವಿಮಾನದ ಸುಖ ದುಃಖ ಬಿಡಿ. ನನ್ನ ಕಷ್ಟ ಶುರುವಾದದ್ದು ರೈಲಿನ ಟಿಕೆಟ್ ಮಷೀನಿನ ಮುಂದೆ. ಕಾರ್ಡ್ ಹಾಕಿದರೆ ಓಟಿಪಿ ಕೇಳಿತು. ಓಟಿಪಿ ಹೋದದ್ದು ಕಲಬುರಗಿಗೆ. ಇಲ್ಲಿಗೆ ಬೇರೆ ಸಿಮ್ ಹಾಕಿಸಿ, ಹಳೆಯದನ್ನು ಶಾರದಾಳಿಗೆ ಕೊಟ್ಟು ಬಂದಿದ್ದೆ. ಹೊರಡುವಾಗ ಅದು ನನಗೆ ಮಹಾ ಬುದ್ಧಿವಂತಿಕೆಯಾಗಿ ಕಂಡಿತ್ತು. ಜೀವಮಾನವಿಡೀ ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದವಳು ನಾನು!

“ಶಾರದಾ, ಒಂದು ನಂಬರ್ ಬಂದಿರ್ತದ, ಲಗೂನ ಹೇಳು.”

“ಊಟ ಆಯ್ತೇನಕ್ಕಾ?”

“ಮೊದ್ಲ ನಂಬರ್ ಹೇಳ!”

“ತಡಿ, ಮೋಮಿನಪುರದಾಗ ಅದೀನಿ. ಸೀರಿಗೆ ಫಾಲ್ ಹಚ್ಚಾಕ ಕೊಟ್ಟಿದ್ದೆ. ಕಣ್ಣಿಗೆ ಚಾಳೀಸು ಹಾಕ್ಕೋತೀನಿ... ಹಾಂ, ಬಂದದ. ಆದ್ರ ಇದರಾಗ ‘ಯಾರಿಗೂ ಹೇಳಬ್ಯಾಡ್ರಿ’ ಅಂತ ಬರದಾರಲ್ಲ, ನಿನಗ ಹೇಳಬಹುದೇನು?”

ಹೇಳಬಹುದೆಂದು ಅವಳನ್ನು ಒಪ್ಪಿಸುವಷ್ಟರಲ್ಲಿ ಮಷೀನು ‘ಸೆಷನ್ ಎಕ್ಸ್‌ಪೈರ್ಡ್’ ಎಂದಿತು. ಮತ್ತೆ ಮೊದಲಿಂದ, ಮತ್ತೆ ಎಕ್ಸ್‌ಪೈರ್ಡ್. ನನ್ನ ಹಿಂದೆ ಸಾಲು ಬೆಳೆಯಿತು. ನಮ್ಮಲ್ಲಾಗಿದ್ದರೆ ಅಷ್ಟರಲ್ಲಿ ಸಾಲಿನ ಅರ್ಧ ಜನ ಮುಂದೆ ಬಂದು ಒಬ್ಬೊಬ್ಬರು ಒಂದೊಂದು ಬಟನ್ ಒತ್ತಿರುತ್ತಿದ್ದರು. ಇವರು ನೆಲ ನೋಡುತ್ತ ನಿಂತಿದ್ದರು. ಅದು ಉದಾಸೀನವಲ್ಲ, ಕೇಳದೆ ನಡುವೆ ಬರಬಾರದೆಂಬ ಅವರ ಶಿಷ್ಟಾಚಾರ. ನಾನು ತಿರುಗಿ ‘ಪ್ಲೀಸ್’ ಎಂದದ್ದೇ ತಡ, ಒಬ್ಬ ಹೆಂಗಸು ನನ್ನ ಸೂಟ್‌ಕೇಸನ್ನೂ ನನ್ನನ್ನೂ ಎಳೆದುಕೊಂಡು ಹೋಗಿ, ಮನುಷ್ಯರು ಕೂತು ಟಿಕೆಟ್ ಕೊಡುವ ಕಿಟಕಿಗೆ ಮುಟ್ಟಿಸಿದಳು.

ದ್ವೀಪ

ಕಿರ್ಸ್ಟನ್ ಒಣಗಿದ್ದಳು. ನಾನು ನೆನಪಿಟ್ಟುಕೊಂಡು ಬಂದ ಹೆಗಲಗಲದ ಹುಡುಗಿ ಎಲ್ಲೋ ಕರಗಿ, ಕಣ್ಣು ಮಾತ್ರ ಉಳಿದಿತ್ತು. ತಬ್ಬಿಕೊಂಡಾಗ ಕೋಟಿನೊಳಗೆ ಯಾರೂ ಇಲ್ಲವೇನೋ ಎನಿಸಿತು.

ಸೂಟ್‌ಕೇಸ್ ತೆರೆದರೆ ಮನೆಯೆಲ್ಲ ಕಮಲಾಪುರದ ಘಮ. ಹಣ್ಣುಗಳು ಅತಿಯಾಗಿ ಮಾಗಿ ನನ್ನ ಎರಡು ಬ್ಲೌಸುಗಳನ್ನು ಹಾಳುಮಾಡಿದ್ದವು. ಉಳಿದವನ್ನು ತಟ್ಟೆಯಲ್ಲಿಟ್ಟು ಹೆಮ್ಮೆಯಿಂದ ಅವಳ ಮುಂದೆ ಹಿಡಿದೆ. ಅವಳು ನಕ್ಕಳು.

“ಡಯಾಲಿಸಿಸ್‌ನವ್ರು ಬಾಳಿಹಣ್ಣು ತಿನ್ನಂಗಿಲ್ಲ ಹುಚ್ಚೀ. ರಕ್ತದಾಗ ಪೊಟ್ಯಾಸಿಯಂ ಏರ್ತದ.”

ಅಷ್ಟು ಸಮುದ್ರ ದಾಟಿಸಿ ತಂದದ್ದು ಅವಳಿಗೆ ವಿಷ! ಅಳು ಬಂತು. ಅವಳು ಹಣ್ಣನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. “ವಾಸನ್ಯಾಗ ಪೊಟ್ಯಾಸಿಯಂ ಇರಂಗಿಲ್ಲ ಬಿಡು,” ಎಂದಳು. ಆ ಹಣ್ಣುಗಳನ್ನು ಮರುದಿನ ದೋಣಿಯ ಕ್ಯಾಪ್ಟನ್‌ಗೆ ಕೊಟ್ಟೆವು. ಆತ ಸಿಪ್ಪೆಯ ಬಣ್ಣ ನೋಡಿ ಬಹಳ ಹೊತ್ತು ಅನುಮಾನಪಟ್ಟು ಆಮೇಲೆ ಒಟ್ಟಿಗೆ ಎಲ್ಲ ತಿಂದನಂತೆ.

ರಾತ್ರಿಯಾಗಬೇಕಾದ ಹೊತ್ತಿನಲ್ಲೂ ಅಲ್ಲಿ ಬೆಳಕು. ಕಾಫಿ ಅಂಗಡಿಯ ಹೊರಗೆ ತಳ್ಳುಗಾಡಿಯಲ್ಲಿ ಕೂಸುಗಳು ಚಳಿಗಾಳಿಗೆ ಮುಖವೊಡ್ಡಿ ಮಲಗಿರುತ್ತವೆ, ತಾಯಂದಿರು ಒಳಗೆ ಕೂತಿರುತ್ತಾರೆ. ನಮ್ಮ ಓಣಿಯಲ್ಲಿ ಹೀಗೆ ಮಾಡಿದರೆ ಕೂಸಿಗಿಂತ ಮೊದಲು ತಾಯಿಗೆ ಬೈಗುಳದ ಶೀತ ಹಿಡಿಯುತ್ತದೆ. ಬೀದಿಯಲ್ಲಿ ಹೊರಟರೆ ಯಾರೂ ‘ಎಲ್ಲಿಗ್ರೀ ಅಕ್ಕೋರ’ ಎನ್ನುವುದಿಲ್ಲ. ಕಲಬುರಗಿಯಲ್ಲಿ ಆ ಪ್ರಶ್ನೆಗೆ ಮುಖ ಸಿಂಡರಿಸುತ್ತಿದ್ದವಳು, ಅಲ್ಲಿ ಎರಡು ದಿನ ಯಾರೂ ಕೇಳದಿದ್ದಾಗ ನನಗೇ ನಾನು ಉತ್ತರ ಹೇಳಿಕೊಂಡು ನಡೆಯುತ್ತಿದ್ದೆ.

ಆಚೆ ದಂಡೆ

ಡಯಾಲಿಸಿಸ್ಸಿನ ದಿನ ನಾನೂ ಕಿರ್ಸ್ಟನ್ ಜೊತೆ ಮುಂಜಾನೆಯ ದೋಣಿಗೆ ದಾಟಿದೆ. ಅವಳು ಆಸ್ಪತ್ರೆಗೆ ಹೋದಳು, ನಾನು ಬಂದರಿನ ಆಫೀಸಿಗೆ. ಯೋನಾಸ್ ಎದ್ದು ನಿಂತು ಕುರ್ಚಿ ಕೊಟ್ಟ. ನನ್ನ ಹಳೆಯ ಪ್ರೋಗ್ರಾಮನ್ನು ಪರದೆಯ ಮೇಲೆ ತೆರೆದ. ಕಾಯುವ ಭಾಗಕ್ಕೆ ನಾನು ಇಟ್ಟಿದ್ದ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೇ ಇತ್ತು: ಕಮಲಾಪುರ.

“ಇದು ಯಾವುದರ ಶಾರ್ಟ್ ಫಾರ್ಮ್ ಮೇಡಂ?” ಎಂದ. “ಇದರ ಮ್ಯಾಲೆ ನಾವು ಒಂದು ಇಡೀ ಮೀಟಿಂಗ್ ಮಾಡೀವಿ. ಏಳು ಅಕ್ಷರಕ್ಕ ಅರ್ಥ ಸಿಕ್ತು, ಉಳಿದ ಮೂರಕ್ಕ ಸಿಗಲಿಲ್ಲ.”

“ಅದು ನಮ್ಮೂರಪ್ಪ.”

ಅವನು ನಗಲಿಲ್ಲ, ಬರೆದುಕೊಂಡ. ಆಮೇಲೆ ತನ್ನ ಕಥೆ ಹೇಳಿದ. ಪರೀಕ್ಷೆ ಮಾಡುವಾಗ ನನ್ನ ಹಳೇ ಪ್ರೋಗ್ರಾಮ್ ದಿನಾ ಸಂಜೆ ಇದೇ ಜಾಗದಲ್ಲಿ ನಿಂತುಬಿಡುತ್ತಿತ್ತಂತೆ. ಹ್ಯಾಂಗ್ ಆಗಿದೆ ಎಂದು ಅವನ ತಂಡದವರು ಅದನ್ನು ಬಲವಂತವಾಗಿ ಕೊಂದು ಮುಂದೆ ಹೋಗುತ್ತಿದ್ದರಂತೆ. ಹೊಸ ಸಾಫ್ಟ್‌ವೇರಿನ ಗುಣಗಳಲ್ಲಿ ಮೊದಲನೆಯದೇ ‘ಸಂಜೆಯ ಹ್ಯಾಂಗ್ ನಿವಾರಣೆ’ ಎಂದು ಬರೆದಿದ್ದರಂತೆ. ಕಾಯುತ್ತಿರುವುದನ್ನು ಕೆಟ್ಟುನಿಂತಿದೆ ಎಂದು ತಿಳಿಯುವುದು ನಮ್ಮ ಕಸುಬಿನವರಿಗೆ ಮಾತ್ರ ಸಾಧ್ಯವಾದ ತಪ್ಪು. ಬೇರೆ ಯಾರೇ ಆಗಿದ್ದರೂ ‘ಯಾರಿಗಾಗಿ ನಿಂತೀಯಪ್ಪಾ’ ಎಂದು ಕೇಳುತ್ತಿದ್ದರು.

ನಾನು ನಮ್ಮೂರ ಕಡೇ ಬಸ್ಸಿನ ಕಥೆ ಹೇಳಿ ವಿವರಿಸಿದೆ. ಅವನು ಗಮನವಿಟ್ಟು ಕೇಳಿ, ತಿರುಗಿ ಒಂದು ಪ್ರಶ್ನೆ ಹಾಕಿದ.

“ಒಬ್ಬರ ಸಲುವಾಗಿ ದೋಣಿ ತುಂಬ ಮಂದಿ ಕುಂತಿರಬೇಕು. ಇದು ಯಾವ ನ್ಯಾಯ ಮೇಡಂ? ಅವರ ಮಕ್ಕಳೂ ಮನ್ಯಾಗ ದಾರಿ ನೋಡ್ತಿರ್ತಾವ.”

ಅವತ್ತೇ ಸಂಜೆ ಹೊಸ ಸಾಫ್ಟ್‌ವೇರಿನ ಮೊದಲ ಓಟ ಎಂದೂ ಹೇಳಿದ.

ಆಸ್ಪತ್ರೆಯಲ್ಲಿ ಕಿರ್ಸ್ಟನ್‌ಳ ಡಯಾಲಿಸಿಸ್ ಮುಗಿದಿತ್ತು, ಸೂಜಿ ತೆಗೆದ ಜಾಗದಲ್ಲಿ ರಕ್ತ ನಿಲ್ಲುತ್ತಿರಲಿಲ್ಲ. ನರ್ಸು ಒತ್ತಿ ಹಿಡಿದೇ ಇದ್ದಳು. ಗೋಡೆಯ ಗಡಿಯಾರ ನೋಡಬಾರದೆಂದು ನಾವಿಬ್ಬರೂ ಎದುರಿನ ಕ್ಯಾಲೆಂಡರ್ ನೋಡುತ್ತ ಕೂತೆವು. ಬಿಟ್ಟ ಕೂಡಲೇ ಬಸ್ಸು ಹಿಡಿದು, ಬಂದರಿನ ತಿರುವಿನಲ್ಲಿ ಇಳಿದು, ಓಟ ಎನ್ನಲಾಗದ ಒಂದು ಓಟ ಓಡಿದೆವು. ಅವಳ ತೋಳಿನ ಪಟ್ಟಿ ಮತ್ತೆ ಕೆಂಪಾಯಿತು.

ದೋಣಿಯ ಬೆನ್ನು ಕಾಣಿಸಿತು. ಆಗಲೇ ನೀರಿನ ನಡುವೆ ಇತ್ತು.

ಕಟ್ಟೆಯ ಮೇಲೆ ಯೋನಾಸ್ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ. ಪರದೆಯ ಮೇಲೆ ಎಲ್ಲ ಸರಿ ಎಂಬ ಹಸಿರು ಟಿಕ್. ನಮ್ಮನ್ನು ಕಂಡು ಅವನ ಮುಖ ಇಳಿಯಿತು.

“ನೀವು... ಈ ದೋಣಿಗೆ ಬರೋರಿದ್ರೇನು?”

ಕಿರ್ಸ್ಟನ್ ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ಕುಸಿದು ಕೂತಳು. “ಮುಂಜಾನಿ ಹೋದಾಕಿ ಸಂಜೀಕ ಮನಿಗೆ ಬರಬೇಕಲ್ಲಪ್ಪಾ,” ಎಂದಳು. ಸಿಟ್ಟಿನಿಂದಲ್ಲ. ಆಗಲೇ ದ್ವೀಪ ಬಿಟ್ಟವಳ ದನಿ ಅದು.

ಯೋನಾಸನ ಅಡುಗೆಮನೆ

ಅವನೇ ನಮ್ಮನ್ನು ತನ್ನ ಮನೆಗೆ ಕರೆದೊಯ್ದ. ಲಿಫ್ಟಿಲ್ಲದ ಮೇಲ್ಮನೆ. ಕಿರ್ಸ್ಟನ್ ಪ್ರತಿ ತಿರುವಿನಲ್ಲೂ ಉಸಿರಿಗೆ ನಿಂತಳು, ಅವನೂ ಎರಡು ಮೆಟ್ಟಿಲು ಕೆಳಗೆ ಕೈಚಾಚಿ ನಿಂತ. ತನ್ನ ಹಾಸಿಗೆ ನಮಗೆ ಕೊಟ್ಟು ತಾನು ಸೋಫಾದ ಮೇಲೆ ಕಾಲು ಮಡಚಿ ಮಲಗಿದ.

ಮುಂಜಾನೆ ಅವರ ಕಪ್ಪು ಬ್ರೆಡ್ಡಿನ ಮೇಲೆ ನಾನು ಕೈಚೀಲದಲ್ಲಿದ್ದ ಶಾರದಾಳ ಶೇಂಗಾ ಹಿಂಡಿ ಉದುರಿಸಿಕೊಟ್ಟೆ. ನಮ್ಮ ಖಡಕ್ ರೊಟ್ಟಿಗೆ ದೂರದ ಸಂಬಂಧಿ ಅನ್ನಬಹುದಾದ ಬ್ರೆಡ್ಡು ಅದು. ಅವನು ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನಷ್ಟು ಕೇಳಿದ. ಆಮೇಲೆ ಪೆನ್ನು ತೆರೆದ.

“ಆ ಬಸ್ಸಿನವ ಎಷ್ಟೊತ್ತು ಕಾಯ್ತಿದ್ದ?”

“ಬರೋತನಕ.”

“ಬರಲೇ ಇಲ್ಲ ಅಂದ್ರ?”

“ಬರಂಗಿಲ್ಲ ಅನ್ನೋದು ಯಾರಿಗರ ಗೊತ್ತಿರ್ತಿತ್ತು. ‘ಅಕಿ ಮಗಳ ಮನ್ಯಾಗ ಉಳಕೊಂಡಾಳ, ಬಿಡ್ರಿ ಗಾಡಿ’ ಅಂತಿದ್ರು.”

“ಯಾರಿಗೂ ಗೊತ್ತಿಲ್ಲಂದ್ರ?”

“ಇಳದು ನೋಡ್ತಿದ್ದ.”

“ಬಸ್ಸಿನ್ಯಾಗ ಕುಂತ ಮಂದಿ ಬೈತಿರಲಿಲ್ಲೇನು?”

“ಹೊಟ್ಟಿ ತುಂಬ ಬೈತಿದ್ರು. ಆದ್ರ ನಾಳೆ ತಡಾ ಮಾಡೋರು ತಾವೇ ಇರಬಹುದು ಅಂತ ಎಲ್ಲಾರಿಗೂ ಗೊತ್ತಿತ್ತು. ನಿನ್ನೆ ನೀ ನ್ಯಾಯ ಕೇಳಿದೆಲ್ಲ, ಅದಽ ನೋಡು ನ್ಯಾಯ.”

ಈ ಉತ್ತರ ನಿನ್ನೆ ತೋಚಿರಲಿಲ್ಲ. ಪ್ರೋಗ್ರಾಮಿನ ತಪ್ಪೂ ಹಾಗೇ, ಆಫೀಸಿನಲ್ಲಿ ಸಿಗದ್ದು ಊಟದ ತಟ್ಟೆಯ ಮುಂದೆ ಸಿಗುತ್ತದೆ.

ಯೋನಾಸ್ ಒಂದು ಆ್ಯಪ್ ಮಾಡೋಣ ಎಂದ. ತಡವಾಗುವವರಿಗೆ ಫೋನಿನಲ್ಲಿ ‘ಬರುತ್ತೀರಾ’ ಎಂದು ಕೇಳುತ್ತದೆ, ಅವರು ಹೌದು ಎಂದು ಒತ್ತಿದರಾಯಿತು. ಕಿರ್ಸ್ಟನ್ ಬ್ರೆಡ್ಡು ಕೆಳಗಿಟ್ಟಳು.

“ಒಂದು ಕೈಯಾಗ ಸೂಜಿ, ಇನ್ನೊಂದಕ್ಕ ಬಿಪಿ ಪಟ್ಟಿ. ನಿನ್ನ ಆ್ಯಪ್ ಮೂಗಿಲೆ ಒತ್ತಲೇನು?”

ಮೂವರೂ ನಕ್ಕೆವು. ನಗು ನಿಂತ ಮೇಲೆ ಅವನು ಮೆಲ್ಲಗೆ ಹೇಳಿದ: “ಹಂಗಾದ್ರ ಮಷೀನು ಕೇಳ್ಲಿ. ನೋಡೋದು ಮನುಷ್ಯಾನೇ ನೋಡ್ಲಿ.” ಒಂದು ಶರತ್ತು ಹಾಕಿದ. ಹವೆ ಕೆಟ್ಟಿದ್ದರೆ ಕ್ಯಾಪ್ಟನ್ ಹೇಳಿದ್ದೇ ಕೊನೆಯ ಮಾತು. ನಾವು ಒಪ್ಪಿದೆವು. ಮಹಿಬೂಬ್ ಮಾಮಾ ಕೂಡ ಹಳ್ಳ ತುಂಬಿ ಬರುವ ದಿನ ಡ್ರೈವರನ ಮಾತಿಗೆ ಎದುರು ಹೇಳುತ್ತಿರಲಿಲ್ಲ.

ಇದಕ್ಕೆ ಅವನ ಮೇಲಿನವರ ಒಪ್ಪಿಗೆ ಬೇಕಿತ್ತು. ಉತ್ತರ ಬರುವವರೆಗೆ ಕಿರ್ಸ್ಟನ್ ಮನೆಯ ಕಿಟಕಿ ಪರದೆಗಳನ್ನು ಒಗೆದಳು, ಒಗೆದವನ್ನೇ ಮತ್ತೆ ಒಗೆದಳು. ಬಿಟ್ಟುಹೋಗುವ ಮನೆಯ ಪರದೆಯನ್ನೂ ಹೆಂಗಸರು ಹೀಗೇ ಒಗೆಯುತ್ತಾರೆ, ಉಳಿಯುವ ಮನೆಯದನ್ನೂ ಹೀಗೇ. ಕೊನೆಗೆ ಯೋನಾಸ್ ಫೋನ್ ಮಾಡಿದ. ಫೋನಿನಲ್ಲಿ ಅವನ ಮಾತಿಗಿಂತ ಮೊದಲು ಕೇಳಿಸಿದ್ದು ಹೊಸ ಯಂತ್ರದ ‘ಟಿಂ’ ಎಂಬ ಒಂದು ಕೂಗು. ಒಪ್ಪಿಗೆ ಸಿಕ್ಕು, ಅವನು ಅದನ್ನು ಮಾಡಿ ಮುಗಿಸಿಯೇ ಕರೆದಿದ್ದ. ಕಿರ್ಸ್ಟನ್ ಒದ್ದೆ ಪರದೆಯನ್ನು ಮುಖಕ್ಕೆ ಒತ್ತಿಕೊಂಡು ಕೂತುಬಿಟ್ಟಳು. ನಾನು ಶಾರದಾಳಿಗೆ ಫೋನ್ ಮಾಡಿದೆ. “ಆಯ್ತಲ್ಲ, ಇನ್ನ ಮನಿಗೆ ಬಾ,” ಎಂದಳು. ಅವಳ ದನಿಯೂ ಒದ್ದೆಯಾಗಿತ್ತು.

ಬಂದರು

ನಾನು ಹೊರಡುವ ದಿನ ಕಿರ್ಸ್ಟನ್‌ಗೆ ಡಯಾಲಿಸಿಸ್ ಇತ್ತು. ಮುಗಿಸಿಕೊಂಡು ಸಂಜೆ ನನ್ನನ್ನು ಬೀಳ್ಕೊಡಲು ಬಂದರಿನವರೆಗೆ ಬಂದಳು. ರೈಲು ನಿಲ್ದಾಣಕ್ಕೆ ನನ್ನ ಬಸ್ಸು ಅಲ್ಲಿಂದಲೇ. ಇಬ್ಬರ ಮೊಣಕಾಲಿಗೂ ಗೊತ್ತಿತ್ತು, ಇನ್ನೊಮ್ಮೆ ಸಮುದ್ರ ದಾಟುವ ಶಕ್ತಿ ಅವಕ್ಕಿಲ್ಲ ಎಂದು. ಈಗ ಭಾನುವಾರಗಳಂದು ಫೋನಿನಲ್ಲಿ ಹರಟುತ್ತೇವೆ, ಆದರೆ ಅವಳನ್ನು ಕಣ್ಣಾರೆ ಕಂಡದ್ದು ಅದೇ ಕೊನೆ.

ಅಲ್ಲಿಯ ಬಸ್ಸು ಯಾರಿಗೂ ಕಾಯದು. ಹತ್ತಿ ಕೂತು ಕಿಟಕಿಯಿಂದ ನೋಡಿದೆ. ಕಡೇ ದೋಣಿ ಕಟ್ಟೆಗೆ ಒರಗಿ ನಿಂತಿತ್ತು, ಕಾರುಗಳೆಲ್ಲ ಒಳಗೆ ಸೇರಿದ್ದವು. ಆಫೀಸಿನವನು ಬಾಗಿಲಿಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅತ್ತಿತ್ತ ನೋಡಿದ, ಅವಳನ್ನು ಕಂಡು ಕೈಯೆತ್ತಿದ. ಕಿರ್ಸ್ಟನ್ ಕೂಡ ಕೈಯೆತ್ತಿದಳು. ಆದರೆ ಅವಸರ ಮಾಡಲಿಲ್ಲ. ದಾರಿಯ ಬದಿಯ ಬೆಂಚಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಕಟ್ಟಿದ ಮೇಲೂ ಏಳಲಿಲ್ಲ. ಸಂಜೆಯ ಇಳಿಬಿಸಿಲಿಗೆ ಮುಖವೆತ್ತಿ, ಕಣ್ಣು ಮುಚ್ಚಿ, ಹಾಗೇ ಕೂತಿದ್ದಳು.